ಸೋಂಕು ಹರಡುವ ಲೆಕ್ಕ: ಮೊದಲು ಕಾಗದದ ಮೇಲೆ, ಆಮೇಲೆ ಕಂಪ್ಯೂಟರ್‌ನಲ್ಲಿ

ಸಾಂಕ್ರಾಮಿಕ ರೋಗಗಳ ಗಣಿತದ ಮಾಡೆಲ್ ಕಲಿಯಬೇಕು ಎಂದು ನನ್ನ ಬಳಿ ಬರುವವರಲ್ಲಿ ಎರಡು ಬಗೆ. ಕೆಲವರಿಗೆ ರೋಗದ ಬಗ್ಗೆ ಚೆನ್ನಾಗಿ ಗೊತ್ತು, ಆದರೆ ಸಮೀಕರಣ ಕಂಡರೆ ಅಂಜಿಕೆ. ಇನ್ನು ಕೆಲವರಿಗೆ ಗಣಿತ ನೀರು ಕುಡಿದಷ್ಟು ಸಲೀಸು, ಆದರೆ ಸೋಂಕು ಹೇಗೆ ತಗುಲುತ್ತದೆ, ಎಷ್ಟು ದಿನ ಇರುತ್ತದೆ ಎಂಬುದರ ಗೊಡವೆ ಇಲ್ಲ. ಇಬ್ಬರಿಗೂ ನಾನು ಹೇಳುವುದು ಒಂದೇ ಮಾತು. ಶುರುವಿನಲ್ಲಿ ಕಂಪ್ಯೂಟರ್ ಮುಟ್ಟಬೇಡಿ. ಕಾಗದ, ಪೆನ್ನು, ಒಂದು ಸಾದಾ ಕ್ಯಾಲ್ಕುಲೇಟರ್ ಇದ್ದರೆ ಸಾಕು.

ಇದು ಹಠವಲ್ಲ. ಈ ವಿದ್ಯೆಯ ತಿರುಳು ಸಮೀಕರಣ ಬಿಡಿಸುವುದರಲ್ಲಿ ಇಲ್ಲ. ಮಾಡೆಲ್‌ನಲ್ಲಿರುವ ಒಂದೊಂದು ಅಂಕಿಯನ್ನೂ ಹಿಡಿದು ನಿಲ್ಲಿಸಿ, "ಇದು ಎಲ್ಲಿಂದ ಬಂತು? ಇದು ಬದಲಾದರೆ ಏನಾಗುತ್ತದೆ?" ಎಂದು ಕೇಳುವುದರಲ್ಲಿ ಇದೆ. ಕೈಯಲ್ಲಿ ಲೆಕ್ಕ ಮಾಡಿದವರಿಗೆ ಈ ಅಭ್ಯಾಸ ತಾನಾಗಿ ಬರುತ್ತದೆ. ಸಿದ್ಧ ಪ್ರೋಗ್ರಾಂ ಓಡಿಸಿ ಬಣ್ಣಬಣ್ಣದ ಗ್ರಾಫ್ ನೋಡಿದವರಿಗೆ ಅಷ್ಟು ಸುಲಭವಾಗಿ ಬರುವುದಿಲ್ಲ.

ಮೂರು ಚೌಕ, ಎರಡು ಬಾಣ

ಕಾಗದದ ಮೇಲೆ ಮೂರು ಚೌಕ ಬರೆಯಿರಿ. ಮೊದಲನೆಯದು ಇನ್ನೂ ಸೋಂಕು ತಗುಲದವರದು, ಆದರೆ ತಗುಲಬಹುದಾದವರದು. ಅವರನ್ನು ಸದ್ಯಕ್ಕೆ "ಬಾಕಿ" ಎನ್ನೋಣ. ಎರಡನೆಯದು "ಸೋಂಕಿತರು". ಮೂರನೆಯದು "ಗುಣವಾದವರು", ಅಂದರೆ ಮತ್ತೆ ಸೋಂಕು ತಗುಲದವರು. ಎಸ್‌ಐಆರ್ ಮಾಡೆಲ್ ಎಂದು ಎಲ್ಲೆಡೆ ಹೇಳುವುದು ಇದನ್ನೇ; ಈ ಮೂರು ಚೌಕಗಳ ಇಂಗ್ಲಿಷ್ ಹೆಸರುಗಳ (ಸಸೆಪ್ಟಿಬಲ್, ಇನ್‌ಫೆಕ್ಟೆಡ್, ರಿಕವರ್ಡ್) ಮೊದಲ ಅಕ್ಷರಗಳು ಅವು. ಬಾಕಿಯಿಂದ ಸೋಂಕಿತರ ಕಡೆಗೆ ಒಂದು ಬಾಣ, ಸೋಂಕಿತರಿಂದ ಗುಣವಾದವರ ಕಡೆಗೆ ಇನ್ನೊಂದು. ಇಡೀ ಮಾಡೆಲ್ ಇಷ್ಟೇ.

ಪ್ರತಿ ಬಾಣಕ್ಕೂ ಒಂದು ವೇಗ ಬೇಕು. ಎರಡನೇ ಬಾಣ ಸುಲಭ. ಒಬ್ಬರು ಸರಾಸರಿ 5 ದಿನ ಸೋಂಕು ಹರಡುತ್ತಾರೆ ಎಂದುಕೊಂಡರೆ, ದಿನಕ್ಕೆ ಸೋಂಕಿತರಲ್ಲಿ ಐದರಲ್ಲಿ ಒಂದು ಪಾಲು ಜನ ಗುಣವಾಗುತ್ತಾರೆ. ಅಂದರೆ ದಿನಕ್ಕೆ 0.2. ಇದಕ್ಕೆ ಗಾಮಾ ಎಂದು ಹೆಸರು.

ಮೊದಲ ಬಾಣದಲ್ಲೇ ಇಡೀ ಕಥೆ ಇದೆ. ಸೋಂಕು ತಗುಲಲು ಇಬ್ಬರು ಬೇಕು, ಒಬ್ಬ ಸೋಂಕಿತ, ಒಬ್ಬ ಬಾಕಿ ಇರುವವ. ಹಾಗಾಗಿ ಇಲ್ಲಿ ಗುಣಾಕಾರ ಬರುತ್ತದೆ. ಒಬ್ಬ ಸೋಂಕಿತ ದಿನಕ್ಕೆ ಎಷ್ಟು ಜನಕ್ಕೆ ಸೋಂಕು ಅಂಟಿಸುವಷ್ಟು ಹತ್ತಿರ ಬರುತ್ತಾನೋ ಅದು ಬೀಟಾ. ಅದನ್ನು 0.4 ಎಂದುಕೊಳ್ಳಿ. ಆದರೆ ಹಾಗೆ ಸಿಕ್ಕವರೆಲ್ಲ ಬಾಕಿ ಇರುವವರೇ ಆಗಿರಬೇಕಿಲ್ಲ, ಕೆಲವರಿಗೆ ಆಗಲೇ ಬಂದು ಹೋಗಿರಬಹುದು. ಅದಕ್ಕೇ ಒಟ್ಟು ಜನರಲ್ಲಿ ಬಾಕಿ ಎಷ್ಟು ಪಾಲು ಎಂಬುದರಿಂದ ಗುಣಿಸುತ್ತೇವೆ. ಹೊಸ ಸೋಂಕು = 0.4 × ಸೋಂಕಿತರು × ಬಾಕಿ ÷ ಒಟ್ಟು ಜನ. ಕೊನೆಯ ಭಾಗಾಕಾರವನ್ನು ಮರೆಯುವವರು ತುಂಬಾ ಜನ. ಅದು ತಪ್ಪಿದರೆ ಅಂಕಿಗಳು ಎಲ್ಲಿಗೋ ಹೋಗಿಬಿಡುತ್ತವೆ.

ಈಗ 1000 ಜನ ಇಟ್ಟುಕೊಳ್ಳಿ. 10 ಜನ ಸೋಂಕಿತರು, 990 ಬಾಕಿ.

ಮೊದಲ ದಿನ ಹೊಸ ಸೋಂಕು 0.4 × 10 × 990 ÷ 1000, ಅಂದರೆ 3.96. ಗುಣವಾದವರು 2. ಸೋಂಕಿತರು 11.96, ಬಾಕಿ 986.04. ಎರಡನೇ ದಿನ ಹೊಸ ಸೋಂಕು 4.72, ಗುಣವಾದವರು 2.39. ಸೋಂಕಿತರು 14.28. ಮೂರನೇ ದಿನ 17.03. ಮುಕ್ಕಾಲು ಮನುಷ್ಯ, ಕಾಲು ಮನುಷ್ಯ ಎಂದು ತಲೆ ಕೆಡಿಸಿಕೊಳ್ಳಬೇಡಿ. ಇವು ಸರಾಸರಿಗಳು. ಹತ್ತು ಸಾಲು ಕೈಯಲ್ಲೇ ಬರೆಯಿರಿ. ಹತ್ತನೇ ದಿನಕ್ಕೆ ಸೋಂಕಿತರು 54ರ ಹತ್ತಿರ ಬರಬೇಕು. ಬಂದಿಲ್ಲ ಅಂದರೆ ಎಲ್ಲೋ ಕೂಡುವಾಗ ತಪ್ಪಿದೆ. ಮೂರು ಚೌಕ ಕೂಡಿ ನೋಡಿ, ಪ್ರತಿ ದಿನವೂ 1000 ಬರಲೇಬೇಕು.

ಇಲ್ಲಿಂದ ಮುಂದೆ ಸ್ಪ್ರೆಡ್‌ಶೀಟ್ ತೆರೆದು ಅದೇ ಸೂತ್ರವನ್ನು ಕೆಳಗೆ ಎಳೆಯಿರಿ, 100 ದಿನದವರೆಗೆ. ಗ್ರಾಫ್ ಹಾಕುವ ಮುಂಚೆ ಸಾಲುಗಳನ್ನೇ ಓದಿ. ಹೊಸ ಸೋಂಕು ಅತಿ ಹೆಚ್ಚು ಬರುವುದು 20ನೇ ದಿನ. ಆದರೆ ಒಂದೇ ಹೊತ್ತಿಗೆ ಸೋಂಕಿತರು ಅತಿ ಹೆಚ್ಚು ಇರುವುದು 23ನೇ ದಿನ, ಸುಮಾರು 166 ಜನ. ಹೊಸ ಪ್ರಕರಣ ಇಳಿಯತೊಡಗಿದ ಮೇಲೂ ಆಸ್ಪತ್ರೆಯ ಮೇಲಿನ ಹೊರೆ ಏರುತ್ತಲೇ ಇರುವುದು ಯಾಕೆ ಅಂತ ಈ ಮೂರು ದಿನದ ಅಂತರದಲ್ಲೇ ಗೊತ್ತಾಗುತ್ತದೆ.

23ನೇ ದಿನದ ಸಾಲಿನಲ್ಲಿ ಬಾಕಿ ಎಷ್ಟಿದೆ ನೋಡಿ. 500ಕ್ಕಿಂತ ಆಗಷ್ಟೇ ಕೆಳಗೆ ಬಂದಿರುತ್ತದೆ. ಇದು ಕಾಕತಾಳೀಯ ಅಲ್ಲ. ಬೀಟಾವನ್ನು ಗಾಮಾದಿಂದ ಭಾಗಿಸಿದರೆ 0.4 ÷ 0.2 = 2. ಎಲ್ಲರೂ ಬಾಕಿ ಇರುವಾಗ ಒಬ್ಬ ಸೋಂಕಿತನಿಂದ ಸರಾಸರಿ ಇಬ್ಬರಿಗೆ ಹರಡುತ್ತದೆ ಎಂದರ್ಥ. ಇದೇ ಎಲ್ಲರೂ ಮಾತಾಡುವ ಆರ್-ನಾಟ್. ಬಾಕಿ ಅರ್ಧಕ್ಕೆ ಇಳಿದಾಗ ಆ ಇಬ್ಬರು ಒಬ್ಬರಾಗುತ್ತಾರೆ. ಅಲ್ಲಿಂದ ಮುಂದೆ ಇಳಿಜಾರು.

ಇನ್ನೊಂದು ಸಂಗತಿಯನ್ನೂ ಗಮನಿಸಿ. ಅಲೆ ಪೂರ್ತಿ ಮುಗಿದಾಗಲೂ ಸುಮಾರು 190 ಜನ ಬಾಕಿಯಲ್ಲೇ ಉಳಿದಿರುತ್ತಾರೆ. ಹಾಗಂತ ಸೋಂಕು 500ಕ್ಕೂ ನಿಲ್ಲಲಿಲ್ಲ, 800 ದಾಟಿತು. ತುದಿ ಮುಟ್ಟುವ ಹೊತ್ತಿಗೆ ಸೋಂಕಿತರು ತುಂಬಾ ಇರುವುದರಿಂದ ಇಳಿಯುವಾಗಲೂ ಅದು ಇನ್ನಷ್ಟು ಜನರನ್ನು ಹಿಡಿಯುತ್ತದೆ.

ಒಂದೊಂದೇ ಅಂಕಿ ಬದಲಿಸಿ

ನಿಯಂತ್ರಣ ಅಂದರೆ ಈ ಮಾಡೆಲ್‌ನಲ್ಲಿ ಮೂರೇ ದಾರಿ. ಸಂಪರ್ಕ ಕಡಿಮೆ ಮಾಡಿ ಬೀಟಾ ಇಳಿಸುವುದು, ರೋಗಿಗಳನ್ನು ಬೇಗ ಗುರುತಿಸಿ ಬೇರೆ ಇರಿಸಿ ಗಾಮಾ ಏರಿಸುವುದು, ಲಸಿಕೆ ಕೊಟ್ಟು ಬಾಕಿಯನ್ನೇ ಇಳಿಸುವುದು. ಮೂರನ್ನೂ ಒಟ್ಟಿಗೆ ಬದಲಿಸಬೇಡಿ. ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ.

ಮೊದಲು ಬೀಟಾ 0.4ರಿಂದ 0.3ಕ್ಕೆ ಇಳಿಸಿ. ಸಂಪರ್ಕ ಕಾಲು ಭಾಗ ಕಡಿಮೆಯಾಯಿತು, ಅಷ್ಟೇ. ಆದರೆ ತುದಿಯಲ್ಲಿ ಸೋಂಕಿತರ ಸಂಖ್ಯೆ 166ರಿಂದ 70ರ ಆಸುಪಾಸಿಗೆ ಇಳಿಯುತ್ತದೆ, ಅರ್ಧಕ್ಕಿಂತಲೂ ಕಡಿಮೆ. ಒಟ್ಟು ಸೋಂಕು ತಗುಲಿದವರು ಮಾತ್ರ 800ರಿಂದ 600ರ ಹತ್ತಿರಕ್ಕೆ ಬರುತ್ತಾರೆ. ತುದಿ ತಗ್ಗುವುದು ಬೇರೆ, ಒಟ್ಟು ತಗ್ಗುವುದು ಬೇರೆ. ಚರ್ಚೆಗಳಲ್ಲಿ ಇವೆರಡನ್ನೂ ಬೆರೆಸುವುದನ್ನು ನಾನು ತುಂಬಾ ಕಂಡಿದ್ದೇನೆ.

ಇನ್ನೊಂದು ಪ್ರಯೋಗ. 10ನೇ ದಿನದಿಂದ 40ನೇ ದಿನದವರೆಗೆ ಬೀಟಾ 0.15, ಆಮೇಲೆ ಮತ್ತೆ 0.4. 40ನೇ ದಿನ ಸೋಂಕಿತರು 10ಕ್ಕಿಂತ ಕಡಿಮೆ. ಎಲ್ಲ ಮುಗಿಯಿತು ಅನ್ನಿಸುತ್ತದೆ. ಬಾಕಿಯ ಕಾಲಂ ನೋಡಿ, ಇನ್ನೂ 800ಕ್ಕಿಂತ ಜಾಸ್ತಿ. 500ರ ಗೆರೆಗಿಂತ ಎಷ್ಟೋ ಮೇಲೆ. ಹಾಗಾಗಿ ನಿರ್ಬಂಧ ತೆಗೆದ ಕೂಡಲೇ ಎರಡನೇ ಅಲೆ ಏಳುತ್ತದೆ. ನಿರ್ಬಂಧ ಸೋತಿದೆ ಎಂದಲ್ಲ ಇದರ ಅರ್ಥ. ಅದು ಸಮಯ ಕೊಂಡುಕೊಟ್ಟಿತು. ಆ ಸಮಯದಲ್ಲಿ ಲಸಿಕೆಯೋ ಚಿಕಿತ್ಸೆಯೋ ಬಂದರೆ ಅಷ್ಟೂ ಜೀವ ಉಳಿದ ಹಾಗೆ.

ಲಸಿಕೆಯ ಲೆಕ್ಕ ಒಂದೇ ಸಾಲಿನದು. ಆರ್-ನಾಟ್ 2 ಇದ್ದರೆ ಅರ್ಧ ಜನಕ್ಕೆ ರಕ್ಷಣೆ ಸಿಕ್ಕರೆ ಅಲೆ ಏಳುವುದಿಲ್ಲ. ಸೂತ್ರ: 1 − 1 ÷ ಆರ್-ನಾಟ್. ದಡಾರಕ್ಕೆ ಸಾಮಾನ್ಯವಾಗಿ ಹೇಳುವ ಆರ್-ನಾಟ್ 12ರಿಂದ 18. ಹಾಗಾದರೆ 92ರಿಂದ 94 ಶೇಕಡಾ ಜನಕ್ಕೆ ರಕ್ಷಣೆ ಬೇಕು. ಎರಡು ಡೋಸ್ ಲಸಿಕೆಯ ರಕ್ಷಣೆ ಸುಮಾರು 97 ಶೇಕಡಾ. ಆರ್-ನಾಟ್ 15 ಎಂದಿಟ್ಟುಕೊಂಡರೆ 93.3ನ್ನು 0.97ರಿಂದ ಭಾಗಿಸಿ, ಲಸಿಕೆ ತಲುಪಬೇಕಾದದ್ದು 96 ಶೇಕಡಾ ಜನಕ್ಕೆ. ಸಿಡುಬಿನ ಆರ್-ನಾಟ್ ಇದಕ್ಕಿಂತ ಎಷ್ಟೋ ಕಡಿಮೆ. 1980ರಲ್ಲಿ ಅದು ನಿರ್ಮೂಲವಾಯಿತು ಎಂದು ಘೋಷಿಸಿದರು, ದಡಾರ ಇವತ್ತಿಗೂ ಉಳಿದಿದೆ. ಅದಕ್ಕೆ ಕಾರಣಗಳು ಹಲವು, ಈ ಲೆಕ್ಕವೂ ಅವುಗಳಲ್ಲಿ ಒಂದು. ಆದರೆ ಈ ಸೂತ್ರ ಎಲ್ಲರೂ ಎಲ್ಲರ ಜೊತೆ ಸಮನಾಗಿ ಬೆರೆಯುತ್ತಾರೆ ಎಂದು ನಂಬಿದೆ. ಲಸಿಕೆ ಹಾಕಿಸದವರು ಒಂದೇ ಕಡೆ ಗುಂಪಾಗಿದ್ದರೆ, ಒಟ್ಟಾರೆ 96 ಇದ್ದರೂ ಆ ಗುಂಪಿನಲ್ಲಿ ದಡಾರ ಏಳುತ್ತದೆ.

ಒಂದೇ ಏರಿಕೆ, ಮೂರು ಉತ್ತರ

ಇಲ್ಲಿ ನಿಧಾನಿಸಿ. ನನ್ನ ಮಟ್ಟಿಗೆ ಇಡೀ ವಿದ್ಯೆಯಲ್ಲಿ ಇದಕ್ಕಿಂತ ಮುಖ್ಯವಾದ ಪಾಠ ಇಲ್ಲ.

ಹೊಸ ರೋಗ ಬಂದ ಮೊದಲ ದಿನಗಳಲ್ಲಿ ನಮಗೆ ಕಾಣುವುದು ಏರಿಕೆಯ ವೇಗ ಮಾತ್ರ. ಪ್ರಕರಣಗಳು ಮೂರೂವರೆ ದಿನಕ್ಕೆ ಎರಡು ಪಟ್ಟು ಆಗುತ್ತಿವೆ ಎನ್ನಿ. ಅದು ದಿನಕ್ಕೆ 0.2ರ ಏರಿಕೆ. ನಮ್ಮ ಮಾಡೆಲ್‌ನಲ್ಲಿ ಶುರುವಿನ ಏರಿಕೆ ಅಂದರೆ ಬೀಟಾದಲ್ಲಿ ಗಾಮಾ ಕಳೆದದ್ದು. ಈಗ ಮೂರು ಜೋಡಿ ನೋಡಿ. ಬೀಟಾ 0.4, ಗಾಮಾ 0.2. ಬೀಟಾ 0.3, ಗಾಮಾ 0.1. ಬೀಟಾ 0.7, ಗಾಮಾ 0.5. ಮೂರರಲ್ಲೂ ಕಳೆದರೆ 0.2. ಶುರುವಿನ ಗ್ರಾಫ್‌ಗಳನ್ನು ಒಂದರ ಮೇಲೊಂದು ಇಟ್ಟರೆ ವ್ಯತ್ಯಾಸವೇ ಕಾಣುವುದಿಲ್ಲ.

ಆದರೆ ಭಾಗಿಸಿ ನೋಡಿ. ಆರ್-ನಾಟ್ ಕ್ರಮವಾಗಿ 2, 3 ಮತ್ತು 1.4. ಬೇಕಾದ ರಕ್ಷಣೆ 50 ಶೇಕಡಾ, 67 ಶೇಕಡಾ, 29 ಶೇಕಡಾ. ಒಂದೇ ಅಂಕಿಅಂಶ, ಮೂರು ಬೇರೆ ಬೇರೆ ತೀರ್ಮಾನ. ಒಬ್ಬರು ಎಷ್ಟು ದಿನ ಸೋಂಕು ಹರಡುತ್ತಾರೆ ಎಂಬುದನ್ನು ಪ್ರಕರಣಗಳ ಗ್ರಾಫ್ ಹೇಳುವುದಿಲ್ಲ. ಅದನ್ನು ರೋಗಿಗಳ ಪಕ್ಕದಲ್ಲಿ ಕೂತು, ಯಾರಿಂದ ಯಾರಿಗೆ ಯಾವಾಗ ಬಂತು ಎಂದು ಕೇಳಿ ಬರೆದುಕೊಂಡವರು ಹೇಳಬೇಕು. ಯಾರಾದರೂ ಆರ್-ನಾಟ್ ಇಷ್ಟು ಎಂದು ಹೇಳಿದರೆ ನೀವು ಕೇಳಬೇಕಾದ ಮೊದಲ ಪ್ರಶ್ನೆ: ಸೋಂಕಿನ ಅವಧಿ ಎಷ್ಟು ಅಂತ ಇಟ್ಟುಕೊಂಡಿರಿ?

ಗೆರೆ ಕೂತರೆ ಸಾಲದು

ಈ ಮಾಡೆಲ್‌ನ ಮೂಲ 1927ರ ಒಂದು ಪ್ರಬಂಧ. ಬರೆದವರು ಕರ್ಮ್ಯಾಕ್ ಮತ್ತು ಮೆಕೆಂಡ್ರಿಕ್. ಮೆಕೆಂಡ್ರಿಕ್ ಭಾರತದಲ್ಲಿ ಕೆಲಸ ಮಾಡಿದ್ದ ಸೇನಾ ವೈದ್ಯ. ಕರ್ಮ್ಯಾಕ್ ರಸಾಯನ ವಿಜ್ಞಾನಿ, 1924ರಲ್ಲಿ ಪ್ರಯೋಗಾಲಯದ ಅಪಘಾತದಲ್ಲಿ ಎರಡೂ ಕಣ್ಣು ಕಳೆದುಕೊಂಡವರು. ಅದಾದ ಮೇಲೆ ಬಂದ ಪ್ರಬಂಧ ಇದು. ನೆನೆದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ.

ಅವರು ತಮ್ಮ ಸೂತ್ರವನ್ನು 1905-06ರ ಮುಂಬೈ ಪ್ಲೇಗಿನ ವಾರವಾರದ ಸಾವಿನ ಅಂಕಿಗಳ ಮೇಲೆ ಇಟ್ಟು ನೋಡಿದರು. ಗೆರೆ ಚೆನ್ನಾಗಿ ಕೂತಿತು. ಆದರೆ ಪ್ಲೇಗು ಇಲಿ ಮತ್ತು ಚಿಗಟಗಳ ಮೂಲಕ ಬರುವ ರೋಗ. ಅವರ ಸೂತ್ರದಲ್ಲಿ ಇಲಿಯೂ ಇಲ್ಲ, ಚಿಗಟವೂ ಇಲ್ಲ. ಏರಿ ಇಳಿಯುವ ಗಂಟೆಯಾಕಾರದ ಗೆರೆಯನ್ನು ಹಲವು ಕಾರಣಗಳು ಕೊಡಬಲ್ಲವು. ಗೆರೆ ಕೂತ ಮಾತ್ರಕ್ಕೆ ಕಾರಣ ಸಿಕ್ಕಿತು ಅಂತಲ್ಲ.

ಇದನ್ನು ನೀವೇ ಮಾಡಿ ನೋಡಲು ಒಂದು ಒಳ್ಳೆಯ ಅಭ್ಯಾಸ ಇದೆ. 1978ರಲ್ಲಿ ಇಂಗ್ಲೆಂಡಿನ ಒಂದು ಹುಡುಗರ ವಸತಿ ಶಾಲೆಯಲ್ಲಿ ಫ್ಲೂ ಬಂತು. 763 ಹುಡುಗರು, ಅವರಲ್ಲಿ 512 ಮಂದಿ ಹಾಸಿಗೆ ಹಿಡಿದರು. ದಿನಕ್ಕೆ ಎಷ್ಟು ಹುಡುಗರು ಹಾಸಿಗೆಯಲ್ಲಿದ್ದರು ಎಂಬ ಪಟ್ಟಿ ಎಲ್ಲ ಪಾಠಗಳಲ್ಲೂ ಸಿಗುತ್ತದೆ. ಎಸ್‌ಐಆರ್ ಗೆರೆಯನ್ನು ಅದರ ಮೇಲೆ ಕೂರಿಸಿದರೆ ಅಚ್ಚುಕಟ್ಟಾಗಿ ಕೂರುತ್ತದೆ. ಆರ್-ನಾಟ್ 3.7ರ ಹತ್ತಿರ ಬರುತ್ತದೆ. ಬಹುತೇಕ ಪಾಠಗಳು ಅಲ್ಲಿಗೆ ಮುಗಿಯುತ್ತವೆ.

ನೀವು ಅಲ್ಲಿ ನಿಲ್ಲಬೇಡಿ. ಆ ಮಾಡೆಲ್ ಪ್ರಕಾರ ಒಟ್ಟು ಎಷ್ಟು ಹುಡುಗರಿಗೆ ಬರಬೇಕಿತ್ತು ಎಂದು ಕೇಳಿ. ಆರ್-ನಾಟ್ 3.7 ಇದ್ದರೆ 97 ಶೇಕಡಾ ಜನಕ್ಕೆ ಬರುತ್ತದೆ, ಅಂದರೆ ಸುಮಾರು 740 ಹುಡುಗರು. ಆಗಿದ್ದು 512! ಉಳಿದವರು ಎಲ್ಲಿ? ಕೆಲವರಿಗೆ ಲಕ್ಷಣ ಇಲ್ಲದೆ ಬಂದಿರಬಹುದು. ಕೆಲವರಿಗೆ ಮೊದಲೇ ರಕ್ಷಣೆ ಇದ್ದಿರಬಹುದು. ಅದಕ್ಕಿಂತ ದೊಡ್ಡ ತೊಡಕೆಂದರೆ, ಹಾಸಿಗೆ ಹಿಡಿದ ಹುಡುಗ ತರಗತಿಯಿಂದ ದೂರ ಇದ್ದ. ಅವನನ್ನು ಎಲ್ಲರ ನಡುವೆ ಓಡಾಡುತ್ತಾ ಸೋಂಕು ಹರಡುವವರ ಚೌಕದಲ್ಲಿ ಇಟ್ಟಿದ್ದೇ ಸರಿಯಲ್ಲ. ಹಾಸಿಗೆ ಹಿಡಿದವರಿಗೆ ಬೇರೆ ಚೌಕ ಕೊಟ್ಟು ಮತ್ತೆ ಲೆಕ್ಕ ಮಾಡಿ. ಇಷ್ಟು ಮಾಡಿದರೆ ಮಾಡೆಲ್ ಕಟ್ಟುವುದು ಅಂದರೇನು ಅಂತ ನಿಮಗೆ ಅರ್ಧ ಗೊತ್ತಾದ ಹಾಗೆ.

ಕಂಪ್ಯೂಟರ್‌ಗೆ ಬರೋಣ

ಸ್ಪ್ರೆಡ್‌ಶೀಟ್ ಇಕ್ಕಟ್ಟಾಯಿತು ಅನ್ನಿಸಿದಾಗ ಪೈಥಾನ್‌ಗೋ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಗೋ ಹೋಗಿ. ಯಾವುದಾದರೂ ಸರಿ. ಪೈಥಾನ್‌ನಲ್ಲಿ ಸೈಪೈ, ಆರ್‌ನಲ್ಲಿ ಡಿಸಾಲ್ವ್ ಎಂಬ ಸಿದ್ಧ ಪ್ಯಾಕೇಜ್‌ಗಳು ಸಮೀಕರಣ ಬಿಡಿಸಿಕೊಡುತ್ತವೆ. ಮೊದಲು ಕಾಗದದ ಮೇಲಿನ ನಿಮ್ಮದೇ ಉದಾಹರಣೆಯನ್ನು ಅಲ್ಲಿ ಓಡಿಸಿ. ಉತ್ತರ ಚೂರು ಬೇರೆ ಬರುತ್ತದೆ, ತುದಿ 166ರ ಬದಲು 158ರ ಹತ್ತಿರ. ನಾವು ದಿನಕ್ಕೊಮ್ಮೆ ಹೆಜ್ಜೆ ಇಟ್ಟೆವು, ಕಂಪ್ಯೂಟರ್ ತೀರಾ ಸಣ್ಣ ಹೆಜ್ಜೆ ಇಡುತ್ತದೆ. ಸ್ಪ್ರೆಡ್‌ಶೀಟ್‌ನಲ್ಲೂ ಅರ್ಧ ದಿನದ ಹೆಜ್ಜೆ ಇಟ್ಟು ನೋಡಿ, ವೇಗಗಳನ್ನೂ ಅರ್ಧ ಮಾಡಲು ಮರೆಯಬೇಡಿ. ಅಂತರ ಕುಗ್ಗುತ್ತದೆ.

ನಿಮ್ಮ ಪ್ರೋಗ್ರಾಂ ನಂಬುವ ಮುಂಚೆ ಒಂದೆರಡು ಪರೀಕ್ಷೆ ಮಾಡಿ. ಬೀಟಾ ಸೊನ್ನೆ ಮಾಡಿದರೆ ಹೊಸ ಸೋಂಕು ಇರಬಾರದು. ಆರ್-ನಾಟ್ 1ಕ್ಕಿಂತ ಕಡಿಮೆ ಇದ್ದರೆ ಸೋಂಕಿತರು ಮೊದಲ ದಿನದಿಂದಲೇ ಇಳಿಯಬೇಕು. ಯಾವ ಚೌಕವೂ ಸೊನ್ನೆಗಿಂತ ಕೆಳಗೆ ಹೋಗಬಾರದು. ಅಂಕಿಅಂಶಕ್ಕೆ ಗೆರೆ ಕೂರಿಸುವಾಗ ದಿನದ ಹೊಸ ಪ್ರಕರಣಗಳಿಗೆ ಕೂರಿಸಿ, ಕೂಡುತ್ತಾ ಬಂದ ಒಟ್ಟು ಸಂಖ್ಯೆಗೆ ಬೇಡ. ಒಟ್ಟು ಸಂಖ್ಯೆಯಲ್ಲಿ ನಿನ್ನೆಯ ತಪ್ಪು ಇವತ್ತಿಗೂ ಹರಿದು ಬರುತ್ತದೆ, ಗೆರೆ ನುಣ್ಣಗೆ ಕಾಣುವುದರಿಂದ ಸುಮ್ನೆ ಸುಳ್ಳು ಧೈರ್ಯ ಬರುತ್ತದೆ. ಪ್ರಕರಣದ ತಾರೀಖು ಯಾವುದು ಅಂತಲೂ ವಿಚಾರಿಸಿ. ಜ್ವರ ಶುರುವಾದ ದಿನವೋ, ಪರೀಕ್ಷೆ ಮಾಡಿದ ದಿನವೋ, ವರದಿ ಬಂದ ದಿನವೋ? ಇವುಗಳ ನಡುವೆ ದಿನಗಟ್ಟಲೆ ಅಂತರ ಇರಬಹುದು.

ದಾಳ ಹಾಕಿ ನೋಡಿ

ಇಲ್ಲಿಯವರೆಗಿನ ಲೆಕ್ಕದಲ್ಲಿ ಅದೃಷ್ಟಕ್ಕೆ ಜಾಗ ಇರಲಿಲ್ಲ. ಸಾವಿರಾರು ಜನರಿಗೆ ಸೋಂಕಿದ್ದಾಗ ಅದು ಸರಿ. ಒಬ್ಬರೋ ಇಬ್ಬರೋ ಇದ್ದಾಗ ಸರಿಯಲ್ಲ.

ಒಂದು ದಾಳ ತಗೊಳ್ಳಿ. ಒಬ್ಬ ಸೋಂಕಿತನಿಂದ ಶುರು. 1ರಿಂದ 4 ಬಿದ್ದರೆ ಒಬ್ಬರಿಗೆ ಹೊಸದಾಗಿ ಸೋಂಕು, ಒಂದು ಕೂಡಿ. 5 ಅಥವಾ 6 ಬಿದ್ದರೆ ಒಬ್ಬರು ಗುಣ, ಒಂದು ಕಳೆಯಿರಿ. ಸೊನ್ನೆಗೆ ಬಂದರೆ ಆಟ ಮುಗಿಯಿತು. 20 ದಾಟಿದರೆ ಅಲೆ ಎದ್ದಿತು. ಇದು ಆರ್-ನಾಟ್ 2ರ ಆಟ. ಹರಡುವ ಸಾಧ್ಯತೆ ಗುಣವಾಗುವ ಸಾಧ್ಯತೆಯ ಎರಡು ಪಟ್ಟು ಇದೆ, ಅಲ್ವಾ? ಆದರೂ ಹೆಚ್ಚುಕಡಿಮೆ ಅರ್ಧದಷ್ಟು ಆಟಗಳು ಸೊನ್ನೆಗೆ ಬಂದು ನಿಲ್ಲುತ್ತವೆ. ಲೆಕ್ಕ ಹೇಳುವುದೂ ಅದನ್ನೇ: ಒಬ್ಬನಿಂದ ಶುರುವಾದರೆ ತಾನಾಗಿ ಆರುವ ಸಾಧ್ಯತೆ 1 ÷ 2. ಮೂವರಿಂದ ಶುರುವಾದರೆ ಅದನ್ನು ಮೂರು ಸಲ ಗುಣಿಸಬೇಕು, 1 ÷ 8. ಮೊದಲ ಕೆಲವು ಪ್ರಕರಣಗಳಲ್ಲೇ ಹಿಡಿಯಬೇಕು ಎಂದು ಸಾರ್ವಜನಿಕ ಆರೋಗ್ಯದವರು ಒದ್ದಾಡುವುದು ಇದಕ್ಕೇ.

ಆಮೇಲೆ ಚೌಕಗಳನ್ನು ಹೆಚ್ಚಿಸುತ್ತಾ ಹೋಗಿ, ಆದರೆ ಕಾರಣ ಇದ್ದರೆ ಮಾತ್ರ. ಸೋಂಕು ತಗುಲಿದ ಮೇಲೆ ಹರಡಲು ಶುರುವಾಗುವ ಮುಂಚೆ ಕೆಲ ದಿನ ಹಿಡಿಯುತ್ತದಾ? ನಡುವೆ ಒಂದು ಚೌಕ ಸೇರಿಸಿ. ಲಕ್ಷಣ ಕಾಣುವ ಮುಂಚೆಯೇ ಹರಡುತ್ತದಾ? ಅದಕ್ಕೂ ಒಂದು. 2003ರಲ್ಲಿ ಹರಡಿದ ಸಾರ್ಸ್ ಎಂಬ ಉಸಿರಾಟದ ಕಾಯಿಲೆಯಲ್ಲಿ ಹೆಚ್ಚಿನ ಹರಡುವಿಕೆ ಲಕ್ಷಣ ಕಂಡ ಮೇಲೆ ಆಗುತ್ತಿತ್ತು. ಹಾಗಾಗಿ ರೋಗಿಗಳನ್ನು ಬೇರೆ ಇರಿಸುವುದರಿಂದ ಅದನ್ನು ಕಟ್ಟಿಹಾಕಲು ಆಯಿತು. ಕೋವಿಡ್‌ನಲ್ಲಿ ಲಕ್ಷಣಕ್ಕೆ ಮುಂಚೆಯೇ ಹರಡುತ್ತಿದ್ದುದರಿಂದ ಅದೇ ಉಪಾಯ ಸಾಲಲಿಲ್ಲ. ಒಂದು ಚೌಕ ಎಲ್ಲಿದೆ ಎಂಬುದರ ಮೇಲೆ ಇಷ್ಟು ನಿಂತಿದೆ. ಮಲೇರಿಯಾಕ್ಕೆ ಸೊಳ್ಳೆಗಳಿಗೇ ಬೇರೆ ಚೌಕಗಳು ಬೇಕು. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯೊಳಗೆ ಮಲೇರಿಯಾ ಪರಾವಲಂಬಿಯನ್ನು ಕಂಡ ರೊನಾಲ್ಡ್ ರಾಸ್, ಆಮೇಲೆ ಇದರ ಲೆಕ್ಕವನ್ನೂ ಬರೆದರು. ಕೊನೆಯ ಸೊಳ್ಳೆಯವರೆಗೂ ಕೊಲ್ಲಬೇಕಿಲ್ಲ, ಒಂದು ಮಟ್ಟಕ್ಕಿಂತ ಕೆಳಗೆ ಇಳಿಸಿದರೆ ಸಾಕು ಎಂದು ತೋರಿಸಿದ್ದು ಅವರೇ.

ಫಲಿತಾಂಶ ಬರೆಯುವಾಗ

2014ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಪಶ್ಚಿಮ ಆಫ್ರಿಕದ ಎಬೋಲಾ ಬಗ್ಗೆ ಒಂದು ಲೆಕ್ಕ ಪ್ರಕಟಿಸಿತು. ಏನೂ ಹೆಚ್ಚಿನ ಕ್ರಮ ತೆಗೆದುಕೊಳ್ಳದಿದ್ದರೆ ಲೈಬೀರಿಯ ಮತ್ತು ಸಿಯೆರಾ ಲಿಯೋನ್‌ನಲ್ಲಿ 2015ರ ಜನವರಿ ಹೊತ್ತಿಗೆ, ವರದಿಯಾಗದವರನ್ನೂ ಸೇರಿಸಿ, 14 ಲಕ್ಷ ಪ್ರಕರಣ ಆಗಬಹುದು ಎಂದು. ಕೊನೆಗೆ ಇಡೀ ಪಿಡುಗಿನಲ್ಲಿ ದಾಖಲಾದದ್ದು ಸುಮಾರು 28,600. ಮಾಡೆಲ್ ಸುಳ್ಳಾಯಿತು ಎಂದು ಹಲವರು ಆಡಿದರು. ಆದರೆ ಲೆಕ್ಕದಲ್ಲೇ "ಕ್ರಮ ತೆಗೆದುಕೊಳ್ಳದಿದ್ದರೆ" ಎಂಬ ಮಾತಿತ್ತು. ಕ್ರಮ ತೆಗೆದುಕೊಂಡರು, ಜನರೂ ತಮ್ಮ ನಡವಳಿಕೆ ಬದಲಿಸಿದರು. ಅದೇ ಸಿಡಿಸಿ ವರದಿಯಲ್ಲಿ, ಸಾಕಷ್ಟು ರೋಗಿಗಳನ್ನು ಬೇರೆ ಇರಿಸಿದರೆ ಪಿಡುಗು ಇಳಿಯುತ್ತದೆ ಎಂಬ ಲೆಕ್ಕವೂ ಇತ್ತು. ಸುದ್ದಿಯಾದದ್ದು ಮಾತ್ರ ದೊಡ್ಡ ಅಂಕಿ.

ಹಾಗಾಗಿ ನಿಮ್ಮ ಮೊದಲ ವರದಿ ಬರೆಯುವಾಗ ಒಂದೇ ಗೆರೆ ಹಾಕಬೇಡಿ. ಈಗಿನಂತೆಯೇ ನಡೆದರೆ ಹೀಗೆ, ಸಂಪರ್ಕ ಕಾಲು ಭಾಗ ಇಳಿದರೆ ಹೀಗೆ, ಲಸಿಕೆ ಇಷ್ಟು ಜನಕ್ಕೆ ತಲುಪಿದರೆ ಹೀಗೆ ಎಂದು ಕನಿಷ್ಠ ಮೂರು ಹಾಕಿ. ಆ "ಹೀಗೆ ಆದರೆ" ಎಂಬ ಮಾತನ್ನು ಗ್ರಾಫ್‌ನ ಒಳಗೇ, ಗೆರೆಯ ಪಕ್ಕದಲ್ಲೇ ಬರೆಯಿರಿ. ಗ್ರಾಫ್ ಒಂದೇ ಕೈಯಿಂದ ಕೈಗೆ ಹೋಗುತ್ತದೆ, ಕೆಳಗಿನ ವಿವರಣೆ ಹೋಗುವುದಿಲ್ಲ. ಪ್ರತಿ ಗೆರೆಯ ಮೇಲೆ ಕೆಳಗೆ, ಉತ್ತರ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂಬ ಅನಿಶ್ಚಿತತೆಯ ಅಗಲವನ್ನೂ ತೋರಿಸಿ. ಸೋಂಕಿನ ಅವಧಿ 4 ದಿನ ಇಟ್ಟರೆ ಎಷ್ಟು, 7 ಇಟ್ಟರೆ ಎಷ್ಟು ಎಂದು ಓಡಿಸಿ ನೋಡಿ ಹಾಕಿ. ಜೊತೆಗೆ ಒಂದು ಸಣ್ಣ ಪಟ್ಟಿ ಇಡಿ: ಪ್ರತಿ ಅಂಕಿ, ಅದು ಬಂದ ಮೂಲ, ಅದು ಅಳೆದದ್ದೋ ಊಹಿಸಿದ್ದೋ. ಬೇರೆಯವರ ಮಾಡೆಲ್ ಕೈಗೆ ಬಂದಾಗ ನಾನು ಗ್ರಾಫ್‌ಗಿಂತ ಮೊದಲು ಓದುವುದು ಆ ಪಟ್ಟಿಯನ್ನೇ.